ಕಂಬಿದಾರಿಯ ಕಡೆಗೀಲು

ಎತ್ತಿನ ಬಂಡಿಯನ್ನು ಕೊಳ್ಳಹೋದವನು ಗಾಲಿಯನ್ನು ನೋಡುತ್ತಾನೆ, ಮೂಕಿಯನ್ನು ನೋಡುತ್ತಾನೆ, ನೊಗವನ್ನು ತಟ್ಟಿ ನೋಡುತ್ತಾನೆ. ಕಡೆಗೀಲನ್ನು ಮುಟ್ಟಿ ನೋಡುವವನು ವಿರಳ. ಆದರೂ ಗಾಲಿಯು ಅಚ್ಚಿನಿಂದ ಜಾರಿ ಹೋಗದಂತೆ ಕಾಯುವುದು ಗೇಣುದ್ದವೂ ಇಲ್ಲದ ಆ ಕೀಲೇ. ರೈಲುಮಾರ್ಗದ ಚರಿತ್ರೆಯನ್ನು ಬರೆದವರಲ್ಲಿಯೂ ಬಹುಮಂದಿ ಆ ಬಂಡಿ ಕೊಳ್ಳುವವನ ಹಾಗೆಯೇ ನಡೆದುಕೊಂಡಿದ್ದಾರೆ. ಎಂಜಿನುಗಳ ಶಕ್ತಿಯನ್ನು ಕುರಿತು, ಸೇತುವೆಗಳ ಎತ್ತರವನ್ನು ಕುರಿತು, ಸುರಂಗಗಳ ಉದ್ದವನ್ನು ಕುರಿತು ಹೊತ್ತಗೆಗಳು ಹೇರಳವಾಗಿವೆ. ಕಂಬಿಯನ್ನು ಅದರ ಸ್ಥಾನದಲ್ಲಿ ಕಟ್ಟಿ ನಿಲ್ಲಿಸಿದ ಮೊಳೆ, ಬೆಣೆ, ಪಟ್ಟಿ, ಕ್ಲಿಪ್ಪುಗಳಿಗೆ ಅಲ್ಲಿ ದೊರೆತಿರುವುದು ಒಂದೆರಡು ಸಾಲಿನ ಸ್ಥಾನ. ಆ ಸಣ್ಣ ವಸ್ತುಗಳ ದೊಡ್ಡ ಕಥೆಯನ್ನು ಇಲ್ಲಿ ನಾವು ಸಂಗ್ರಹವಾಗಿ ಹೇಳಬೇಕೆಂದಿದ್ದೇವೆ.

ನಮ್ಮ ಗಡಿನಾಡಿನ ಕನ್ನಡಿಗರಿಗೆ ಈ ಕಥೆ ಪರಕೀಯವಾದುದೇನೂ ಅಲ್ಲ. ೧೮೫೩ರ ಏಪ್ರಿಲ್ ೧೬ರಂದು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ಪ್ರಯಾಣಿಕರ ಮೊದಲ ಬಂಡಿ ಓಡಿತಷ್ಟೆ. ಅದೇ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಕಂಬಿಗಳು ೧೮೬೦ರಲ್ಲಿ ಸೊಲ್ಲಾಪುರವನ್ನು ಮುಟ್ಟಿದವು. ನಡುವಣ ಬೋರ್ ಘಾಟಿನ ಏರುದಾರಿ ತೆರೆದುದು ೧೮೬೩ರಲ್ಲಿ. ಆದುದರಿಂದ ಇಂಗ್ಲೆಂಡಿನಿಂದ ಹಡಗೇರಿ ಬಂದ ಕಬ್ಬಿಣದ ಸಾಮಗ್ರಿಯು ಘಾಟಿಯನ್ನು ಮಾತ್ರ ಹಳೆಯ ರಸ್ತೆಯಲ್ಲಿಯೇ ಹತ್ತಬೇಕಾಯಿತು. ಮುಂದೆ ೧೮೭೧ರಲ್ಲಿ ಗುಂತಕಲ್ಲು, ಆದವಾನಿಗಳ ಮೂಲಕ ಬಂದ ಮದರಾಸು ರೈಲ್ವೆಯ ಕಂಬಿಯು ಮುಂಬಯಿಯ ಕಂಬಿಯನ್ನು ರಾಯಚೂರಿನಲ್ಲಿ ಕೂಡಿಕೊಂಡಿತು. ಸೊಲ್ಲಾಪುರ, ಅಕ್ಕಲಕೋಟೆ ರೋಡು, ರಾಯಚೂರು, ಆದವಾನಿ: ಇಂದು ಮೂರು ರಾಜ್ಯಗಳಿಗೆ ಹಂಚಿಹೋಗಿರುವ ಈ ಕನ್ನಡದ ನೆಲೆಗಳನ್ನು ಒಂದೇ ಕಬ್ಬಿಣದ ದಾರ ಪೋಣಿಸಿದೆ. ಆ ದಾರದ ಗಂಟುಗಳನ್ನು ಯಾರು ಹಾಕಿದರು, ಹೇಗೆ ಹಾಕಿದರು ಎಂಬುದನ್ನು ತಿಳಿಯುವ ಕುತೂಹಲ ನಮಗಲ್ಲದೆ ಇನ್ನಾರಿಗೆ ಇರಬೇಕು?

ಮೊದಲಿಗೆ, ಕಂಬಿಯನ್ನು ಹಿಡಿದಿಡುವುದೆಂದರೆ ಏನೆಂಬುದನ್ನು ನೋಡೋಣ. ಎರಡು ಕಂಬಿಗಳ ನಡುವಣ ಅಂತರ ಕೆಡಬಾರದು. ನಮ್ಮ ಅಗಲ ಮಾಪನದ ಮಾರ್ಗದಲ್ಲಿ ಅದು ೧,೬೭೬ ಮಿಲಿಮೀಟರು. ತಿರುವಿನಲ್ಲಿ ಗಾಲಿಯು ಹೊರಕ್ಕೆ ಒತ್ತಿದಾಗ ಕಂಬಿ ಮಗ್ಗುಲಾಗಬಾರದು. ಬಂಡಿಯು ಹೋದ ದಿಕ್ಕಿಗೆ ಕಂಬಿಯೂ ಹಿಂದೆಯೇ ತೆವಳಬಾರದು. ಇಷ್ಟೇ ಆಗಿದ್ದರೆ ಕೆಲಸ ಸುಲಭವಿತ್ತು. ಆದರೆ ಕಬ್ಬಿಣವು ಬಿಸಿಲಿಗೆ ಬೆಳೆಯುತ್ತದೆ, ಚಳಿಗೆ ಕುಗ್ಗುತ್ತದೆ. ಗಾಲಿಯ ಭಾರ ಬಿದ್ದೆಡೆ ತಗ್ಗುತ್ತದೆ, ಅದರ ಮುಂದೆ ಹಿಂದೆ ಕೂದಲೆಳೆಯಷ್ಟು ಮೇಲೇಳುತ್ತದೆ. ಅಂದರೆ ಕಂಬಿಯು ಸದಾ ಅಲುಗುವ ವಸ್ತು. ಅಲುಗುವುದನ್ನು ಅಲುಗದಂತೆ ಹಿಡಿಯಬೇಕು. ಆದರೂ ಅದಕ್ಕೆ ಉಸಿರಾಡಲು ಎಡೆ ಕೊಡಬೇಕು. ಈ ವಿರೋಧಾಭಾಸವನ್ನು ಮನುಷ್ಯನು ಅರಿತುಕೊಳ್ಳಲು ಒಂದೂವರೆ ಶತಮಾನವೇ ಹಿಡಿಯಿತು. ಈ ಲೇಖನದ ತಿರುಳು ಇದೇ.

ಆದಿಯಲ್ಲಿ ಎಂಜಿನಿಯರುಗಳು ನಂಬಿದುದು ಕಲ್ಲನ್ನು. ಇಂಗ್ಲೆಂಡಿನ ಗಣಿಗಳ ಬಳಿ ಕುದುರೆಗಳು ಬಂಡಿಯನ್ನೆಳೆಯುತ್ತಿದ್ದ ಕಾಲದಲ್ಲಿ ಎರಕದ ಕಬ್ಬಿಣದ ಮೂರು ನಾಲ್ಕು ಅಡಿ ಉದ್ದದ ಗಿಡ್ಡ ಕಂಬಿಗಳನ್ನು ಬಿಡಿಬಿಡಿಯಾದ ಕಲ್ಲಿನ ಅಚ್ಚುಗಳ ಮೇಲೆ ಕೂರಿಸುತ್ತಿದ್ದರು. ಕಲ್ಲಿನಲ್ಲಿ ತೂತು ಕೊರೆದು, ಅದರಲ್ಲಿ ಮರದ ಗೂಟವನ್ನು ಬಿಗಿದು, ಆ ಗೂಟಕ್ಕೆ ಕಬ್ಬಿಣದ ಮೊಳೆಯನ್ನು ಹೊಡೆಯುವುದು ಅಂದಿನ ಪದ್ಧತಿ. ಎರಡು ಸಾಲು ಅಚ್ಚುಗಳ ನಡುವೆ ಅಡ್ಡಕಟ್ಟು ಏನೂ ಇರಲಿಲ್ಲ. ಏಕೆಂದರೆ ನಡುವಿನ ಹಾದಿ ಕುದುರೆಯ ಕಾಲಿಗೆ ಬೇಕಾಗಿತ್ತು. ೧೮೨೦ರಲ್ಲಿ ಜಾನ್ ಬರ್ಕಿನ್‌ಷಾ ಎಂಬಾತನು ಮೆದುಕಬ್ಬಿಣವನ್ನು ಉರುಳೆಗಳ ನಡುವೆ ಎಳೆದು ಉದ್ದನೆಯ ಕಂಬಿಗಳನ್ನು ಮಾಡುವ ವಿಧಾನಕ್ಕೆ ಪೇಟೆಂಟು ಪಡೆದನು. ಗಿಡ್ಡ ಕಂಬಿಯ ಸ್ಥಾನಕ್ಕೆ ಹದಿನೈದು ಅಡಿಯ ಕಂಬಿ ಬಂದಿತು. ಕುದುರೆಯ ಸ್ಥಾನಕ್ಕೆ ಉಗಿಯಂತ್ರ ಬಂದಿತು. ಕಲ್ಲಿನ ಅಚ್ಚು ಮಾತ್ರ ಹಾಗೆಯೇ ಉಳಿಯಿತು.

ಉಳಿದುದು ಬಹುಕಾಲವಲ್ಲ. ಭಾರವಾದ ಯಂತ್ರಗಳು ಓಡಲು, ಅಡ್ಡಕಟ್ಟಿಲ್ಲದ ಕಲ್ಲುಗಳು ಒಂದೊಂದು ಒಂದೊಂದು ಕಡೆಗೆ ವಾಲಿ ಕಂಬಿಗಳ ನಡುವಣ ಅಂತರ ಹಿಗ್ಗತೊಡಗಿತು. ೧೮೩೪ರಲ್ಲಿ ತೆರೆದ ಐರ್ಲೆಂಡಿನ ಡಬ್ಲಿನ್–ಕಿಂಗ್ಸ್‌ಟೌನ್ ಮಾರ್ಗದವರೂ, ೧೮೩೫ರಲ್ಲಿ ತೆರೆದ ಅಮೆರಿಕದ ಬಾಸ್ಟನ್–ಲೋವೆಲ್ ಮಾರ್ಗದವರೂ ಶಾಶ್ವತವಾದ ದಾರಿಯನ್ನು ಕಟ್ಟುವ ಹಂಬಲದಿಂದ ಗ್ರಾನೈಟ್ ಶಿಲೆಯನ್ನೇ ಹಾಸಿದರು. ಕಲ್ಲು ಕದಲಲಿಲ್ಲ, ನಿಜ; ಆದರೆ ಕದಲದ ಕಲ್ಲಿನ ಪೆಟ್ಟನ್ನು ಗಾಲಿಗಳೂ ಯಂತ್ರಗಳೂ ತಿನ್ನಬೇಕಾಯಿತು. ಕೆಲವೇ ವರ್ಷಗಳಲ್ಲಿ ಎರಡೂ ಕಡೆ ಶಿಲೆಯನ್ನು ಕಿತ್ತು ಮರವನ್ನು ಹಾಕಿದರು.

ಮರದ ಗುಣವು ಬೆಳಕಿಗೆ ಬಂದ ಬಗೆಯೂ ಸ್ವಾರಸ್ಯವಾಗಿದೆ. ಅಮೆರಿಕದ ಕ್ಯಾಮ್‌ಡೆನ್–ಆಂಬಾಯ್ ರೈಲ್ವೆಯ ಅಧ್ಯಕ್ಷನಾಗಿದ್ದ ರಾಬರ್ಟ್ ಸ್ಟೀವನ್ಸನು ೧೮೩೦ರಲ್ಲಿ ಕಂಬಿಗಳನ್ನು ಕೊಳ್ಳಲು ಇಂಗ್ಲೆಂಡಿಗೆ ಹಡಗಿನಲ್ಲಿ ಹೊರಟನು. ಬ್ರಿಟನ್ನಿನ ಕಂಬಿಗಳನ್ನು ನಿಲ್ಲಿಸಲು ‘ಕುರ್ಚಿ’ಗಳೆಂಬ ಎರಕದ ಪೀಠಗಳು ಬೇಕಾಗಿದ್ದುವು. ಕಬ್ಬಿಣ ತುಟ್ಟಿಯಾಗಿದ್ದ ಅಮೆರಿಕಕ್ಕೆ ಅದು ದುಬಾರಿಯ ಮಾತು. ಪ್ರಯಾಣದಲ್ಲಿ ಸ್ಟೀವನ್ಸನು ಮರದ ತುಂಡೊಂದನ್ನು ಚಾಕುವಿನಿಂದ ಕೆತ್ತುತ್ತ ಕುಳಿತು, ತಾನೇ ನಿಲ್ಲಬಲ್ಲ ಚಪ್ಪಟೆ ಪಾದದ ಕಂಬಿಯ ಆಕೃತಿಯನ್ನು ಮೂಡಿಸಿದನಂತೆ. ಪಾದವನ್ನು ಅಂಚಿನಲ್ಲಿ ಕಚ್ಚಿ ಹಿಡಿಯಲು ಕೊಕ್ಕೆತಲೆಯ ಮೊಳೆಯೊಂದನ್ನೂ ಆತನೇ ಯೋಚಿಸಿದನು. ಕುರ್ಚಿಯ ಅಗತ್ಯವೇ ಇಲ್ಲವಾಯಿತು. ಆದರೆ ಆ ಮಾರ್ಗಕ್ಕೂ ಕಲ್ಲಿನ ಅಚ್ಚುಗಳೇ ಗೊತ್ತಾಗಿದ್ದುವು. ಸಿಂಗ್ ಸಿಂಗ್ ಸೆರೆಮನೆಯಿಂದ ಬರಬೇಕಾಗಿದ್ದ ಕಲ್ಲುಗಳು ತಡವಾಗಲು, ಸದ್ಯಕ್ಕೆ ಇರಲೆಂದು ಮರದ ಅಡ್ಡದಿಮ್ಮಿಗಳನ್ನು ಹಾಸಿ ಕಂಬಿಗಳನ್ನು ಮೊಳೆಯಿಂದ ಬಡಿದರು. ಸದ್ಯಕ್ಕೆಂದು ಹಾಕಿದುದೇ ಕಲ್ಲಿಗಿಂತ ಮೇಲೆಂದು ಅನುಭವದಿಂದ ತಿಳಿಯಿತು. ನಾವು ಸ್ಲೀಪರು ಎಂದು ಕರೆಯುವ ಅಡ್ಡದಿಮ್ಮಿ, ಚಪ್ಪಟೆ ಪಾದದ ಕಂಬಿ, ಕೊಕ್ಕೆಮೊಳೆ, ಈ ಮೂರರ ಕೂಟ ಲೋಕವನ್ನೇ ಸುತ್ತಿತು.

ಬಿಗಿಯೇ ಬಲವೆಂಬ ನಂಬಿಕೆ ದೊಡ್ಡವರನ್ನೂ ಬಿಡಲಿಲ್ಲ. ಇಸಾಂಬಾರ್ಡ್ ಬ್ರೂನೆಲ್ ಎಂಬ ಮಹಾ ಎಂಜಿನಿಯರು ೧೮೩೮ರಲ್ಲಿ ತೆರೆದ ಗ್ರೇಟ್ ವೆಸ್ಟರ್ನ್ ಮಾರ್ಗದಲ್ಲಿ ಕಂಬಿಯ ಉದ್ದಕ್ಕೂ ಅದರ ಕೆಳಗೆ ತೊಲೆಗಳನ್ನು ಹಾಸಿ, ಆ ತೊಲೆಗಳನ್ನು ನೆಲದಾಳಕ್ಕೆ ಇಳಿಸಿದ ಮರದ ಕಂಬಗಳಿಗೆ ಬಂಧಿಸಿದನು. ಕಂಬಗಳು ಅಲುಗಲಿಲ್ಲ, ಅವುಗಳ ನಡುವಣ ಜಲ್ಲಿಯು ತಗ್ಗಿತು. ಕಂಬವಿದ್ದೆಡೆ ದಿಣ್ಣೆ, ಇಲ್ಲದೆಡೆ ತಗ್ಗು. ಬಂಡಿಯು ಅಲೆಯ ಮೇಲಿನ ದೋಣಿಯಂತೆ ಕುಲುಕಿತು. ಕೊನೆಗೆ ಆ ಕಂಬಗಳಿಂದ ತೊಲೆಗಳನ್ನು ಬಿಡಿಸಬೇಕಾಯಿತು. ಹಿಡಿತವನ್ನು ಸಡಿಲಿಸಿದ ಮೇಲೆಯೇ ದಾರಿ ಸಮನಾಯಿತು ಎಂಬುದನ್ನು ವಾಚಕರು ಗಮನಿಸಬೇಕು.

ಇತ್ತ ಬ್ರಿಟನ್ನಿನಲ್ಲಿ ಬಹುಕಾಲ ಮೆರೆದುದು ಕುರ್ಚಿ ಮತ್ತು ಬೆಣೆಗಳ ಪದ್ಧತಿ. ಜೋಸೆಫ್ ಲಾಕ್ ಎಂಬ ಎಂಜಿನಿಯರು ೧೮೩೦ರ ದಶಕದಲ್ಲಿ ಮೇಲೂ ಕೆಳಗೂ ಒಂದೇ ತೆರನಾದ ಇರ್ತಲೆಯ ಕಂಬಿಯನ್ನು ಬಳಕೆಗೆ ತಂದನು. ಮೇಲಿನ ತಲೆ ಸವೆದ ಮೇಲೆ ಕಂಬಿಯನ್ನು ಮಗುಚಿ ಹಾಕಿದರೆ ಒಂದರ ಬೆಲೆಗೆ ಎರಡು ಆಯುಸ್ಸು ದೊರೆಯುವುದೆಂಬುದು ಲೆಕ್ಕಾಚಾರ. ಕಂಬಿಯನ್ನು ಕುರ್ಚಿಯಲ್ಲಿಟ್ಟು ಮಗ್ಗುಲಿಗೆ ಮರದ ಬೆಣೆಯನ್ನು ಬಡಿಯುತ್ತಿದ್ದರು. ಆದರೆ ಮಗುಚಿ ನೋಡಿದಾಗ ಕಂಡದ್ದೇನು? ಕುರ್ಚಿಯಲ್ಲಿ ಕುಳಿತ ಕೆಳತಲೆಯು ಪೆಟ್ಟು ತಿಂದು ತಿಂದು ಒಂದೊಂದು ಕುರ್ಚಿಯಿದ್ದೆಡೆಯಲ್ಲಿಯೂ ಕುಳಿಬಿದ್ದಿತ್ತು. ಅದರ ಮೇಲೆ ಬಂಡಿಯನ್ನು ಓಡಿಸುವಂತಿರಲಿಲ್ಲ. ಹಿಡಿದವನೇ ಹಿಡಿಸಿಕೊಂಡವನನ್ನು ಗಾಯಗೊಳಿಸಿದ್ದನು! ಬಳಿಕ ಮಗುಚುವ ಆಸೆಯನ್ನು ತೊರೆದು ಮೇಲಿನ ತಲೆಯನ್ನು ಮಾತ್ರ ದಪ್ಪವಾಗಿಸಿದರು.

ಕಂಬಿಗಳ ಸಂದಿಯ ಕಥೆ ಬೇರೆ. ಒಂದು ಕಂಬಿಯ ತುದಿಗೂ ಇನ್ನೊಂದರ ತುದಿಗೂ ನಡುವೆ ಬಂಧವಿಲ್ಲದಿದ್ದಾಗ, ಗಾಲಿಯು ಒಂದರಿಂದ ಇನ್ನೊಂದಕ್ಕೆ ದಾಟುವಾಗಲೆಲ್ಲ ಸುತ್ತಿಗೆಯ ಪೆಟ್ಟು ಬಿದ್ದಂತಾಗುತ್ತಿತ್ತು. ೧೮೪೭ರಲ್ಲಿ ವಿಲಿಯಂ ಬ್ರಿಜಸ್ ಆಡಮ್ಸ್ ಎಂಬಾತನು ಸಂಗಡಿಗನೊಬ್ಬನೊಡನೆ ಇದಕ್ಕೊಂದು ಉಪಾಯದ ಪೇಟೆಂಟು ಪಡೆದನು: ಸಂದಿಯ ಎರಡು ಪಕ್ಕಗಳಲ್ಲಿ ಎರಡು ಕಬ್ಬಿಣದ ಪಟ್ಟಿಗಳನ್ನಿಟ್ಟು ಬೋಲ್ಟುಗಳಿಂದ ಬಿಗಿಯುವುದು. ಇದೇ ಫಿಶ್‌ಪ್ಲೇಟು. ಹೊಳೆಯ ಮೀನಿಗೂ ಇದಕ್ಕೂ ನಂಟಿಲ್ಲ. ಹಡಗಿನ ಕೂವೆಮರ ಸೀಳಿದಾಗ ಪಕ್ಕಕ್ಕೆ ಕಟ್ಟುವ ದಬ್ಬೆಗೆ ನಾವಿಕರು ಇಟ್ಟಿದ್ದ ಹೆಸರು ಇದು. ಕಡಲಿನ ಮಾತು ನೆಲಕ್ಕೆ ಬಂದು, ನೆಲದ ನಡುವಿನ ನಮ್ಮ ಹಳ್ಳಿಗಳಲ್ಲಿಯೂ ಮನೆಮಾತಾಯಿತು. ೧೯೪೨ರ ‘ಭಾರತ ಬಿಟ್ಟು ತೊಲಗಿ’ ಚಳವಳಿಯ ಕಾಲದಲ್ಲಿ ದೇಶದ ಅನೇಕ ಕಡೆ ಕಂಬಿ ಕಿತ್ತವರು ಮೊದಲು ಕೈಹಾಕಿದುದು ಈ ಪಟ್ಟಿಗಳ ಬೋಲ್ಟುಗಳಿಗೇ. ಸಾಮ್ರಾಜ್ಯದ ದಾರಿ ಎಲ್ಲಿ ಬಿಚ್ಚಿಕೊಳ್ಳುತ್ತದೆಂಬುದು ಜನಕ್ಕೆ ಗೊತ್ತಾಗಿತ್ತು.

ಫಿಶ್‌ಪ್ಲೇಟಿನ ಜಾಣತನವೆಲ್ಲ ಅದರ ಸಡಿಲಿನಲ್ಲಿದೆ. ಕಂಬಿಯ ತೂತು ಬೋಲ್ಟಿಗಿಂತ ತುಸು ದೊಡ್ಡದು. ತುದಿಗಳ ನಡುವೆ ಕಿರಿದಾದ ಎಡೆ. ಹದಿಮೂರು ಮೀಟರಿನ ಉಕ್ಕಿನ ಕಂಬಿಯು ೩೦ ಡಿಗ್ರಿ ಶಾಖ ಏರಿದರೆ ಸುಮಾರು ನಾಲ್ಕೂವರೆ ಮಿಲಿಮೀಟರು ಬೆಳೆಯುತ್ತದೆ. ರಾಯಚೂರಿನ ಬೇಸಗೆಯನ್ನು ಕಂಡವರಿಗೆ ಈ ಎಡೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ. ಹಳೆಯ ರೈಲಿನ ಆ ಟಕ ಟಕ ತಾಳವು ಗಾಲಿಯು ಈ ಎಡೆಗಳನ್ನು ದಾಟುವ ಸದ್ದೇ ಆಗಿತ್ತು.

ಇಂಗ್ಲೆಂಡಿನ ಈ ಸಾಮಗ್ರಿಯೆಲ್ಲ ಭಾರತಕ್ಕೆ ಬಂದಾಗ ನಮ್ಮ ಹವೆಯೇ ಅದನ್ನು ಪರೀಕ್ಷೆಗೆ ಒಡ್ಡಿತು. ಮರದ ಬೆಣೆಯು ಮಳೆಗೆ ಉಬ್ಬಿ, ಬಿಸಿಲಿಗೆ ಒಣಗಿ ಕುಗ್ಗಿ, ಕುರ್ಚಿಯಿಂದ ಸಡಿಲಿ ಉದುರುತ್ತಿತ್ತು. ಮರದ ಸ್ಲೀಪರನ್ನು ಗೆದ್ದಲು ತಿನ್ನುತ್ತಿತ್ತು. ಗೆದ್ದಲಿಗೆ ಅಂಜಿದ ಎಂಜಿನಿಯರುಗಳು ಕಬ್ಬಿಣದ ಸ್ಲೀಪರಿಗೆ ಮೊರೆಹೋದರು. ಗ್ರೀವ್ಸ್ ಎಂಬ ಇಂಗ್ಲಿಷಿನವನ ಹೆಸರಿನ, ಬೋರಲು ಹಾಕಿದ ಬೋಗುಣಿಯಂತಹ ಎರಕದ ಪೀಠಗಳು ಈಜಿಪ್ಟಿನಲ್ಲಿಯೂ ಭಾರತದಲ್ಲಿಯೂ ಬಳಕೆಗೆ ಬಂದವು. ಕಂಬಿಗೊಂದರಂತೆ ಎರಡು ಬೋಗುಣಿಗಳು, ಅವನ್ನು ಕೂಡಿಸುವ ಒಂದು ಕಬ್ಬಿಣದ ಪಟ್ಟಿ, ಇಷ್ಟೇ ಸ್ಲೀಪರು. ಈ ವಂಶದಲ್ಲಿ ಹುಟ್ಟಿ ಬಹುಕಾಲ ನಮ್ಮ ದೇಶದ ಕಂಬಿಗಳನ್ನು ಹೊತ್ತದ್ದು ‘ಸಿ.ಎಸ್.ಟಿ. ೯’ ಎಂಬುದು; ಒಂಬತ್ತನೆಯ ಪ್ರಯೋಗ ಎಂಬ ನೆನಪು ಅದರ ಹೆಸರಿನಲ್ಲಿಯೇ ಅಡಗಿದೆ. ಅದರಲ್ಲಿ ಕಂಬಿಯನ್ನು ಹಿಡಿದುದು ಉಕ್ಕಿನ ಬೆಣೆ, ರೈಲ್ವೆಯವರ ಮಾತಿನಲ್ಲಿ ‘ಕೀ’. ಅದಕ್ಕೆ ಗೆದ್ದಲಿನ ಭಯವಿಲ್ಲ. ಆದರೆ ಕಬ್ಬಿಣದ ಮೇಲೆ ಕಬ್ಬಿಣ ಕುಳಿತಾಗ ಎರಡಕ್ಕೂ ಬಾಗುವ ಗುಣವಿಲ್ಲ. ಪ್ರತಿ ಬಂಡಿಯ ಅದಿರಾಟಕ್ಕೆ ಬೆಣೆಯು ಒಂದಿಷ್ಟು ಹಿಂದೆಗೆಯುತ್ತಿತ್ತು.

ಹೀಗೆ ಹಿಂದೆಗೆದುದನ್ನು ಮತ್ತೆ ಮುಂದಕ್ಕೆ ಬಡಿಯುವುದಕ್ಕಾಗಿಯೇ ಒಬ್ಬ ಮನುಷ್ಯನು ಬೇಕಾದನು. ಆತನೇ ಕೀಮ್ಯಾನು. ಕೈಯಲ್ಲಿ ಸುತ್ತಿಗೆ, ಹೆಗಲಲ್ಲಿ ಸ್ಪ್ಯಾನರು, ಕೆಂಪು ಹಸಿರು ಬಾವುಟಗಳು, ಅಪಾಯದಲ್ಲಿ ಬಂಡಿಯನ್ನು ನಿಲ್ಲಿಸಲು ಸಿಡಿಯುವ ಡಿಟೊನೇಟರುಗಳು: ಇಷ್ಟನ್ನು ಹೊತ್ತು ತನ್ನ ಪಾಲಿನ ಕಂಬಿಯನ್ನು ದಿನಕ್ಕೊಮ್ಮೆ ನಡೆದು ನೋಡುವುದು ಆತನ ಕರ್ತವ್ಯ. ಒಂಟಿ ಮಾರ್ಗವಾದರೆ ಹೋಗುವಾಗ ಒಂದು ಕಂಬಿಯ ಪಕ್ಕ, ಬರುವಾಗ ಇನ್ನೊಂದರ ಪಕ್ಕ. ಜೋಡಿ ಮಾರ್ಗದಲ್ಲಿ ಬೆಣೆಯನ್ನು ಬಂಡಿ ಹೋಗುವ ದಿಕ್ಕಿಗೇ ಬಡಿಯಬೇಕೆಂಬ ನಿಯಮವಿತ್ತು. ಕಂಬಿಯು ಆ ದಿಕ್ಕಿಗೆ ತೆವಳಿದರೆ ಬೆಣೆಯು ಸಡಿಲದೆ ಬಿಗಿಯಾಗಲಿ ಎಂದು. ನಾವು ಚಿಕ್ಕವರಿದ್ದಾಗ ಚಳಿಗಾಲದ ಬೆಳಗಿನಲ್ಲಿ ದೂರದಿಂದ ಆ ಸುತ್ತಿಗೆಯ ಠಣತ್ಕಾರವನ್ನು ಕೇಳುತ್ತಿದ್ದೆವು. ಒಂದು ಪೆಟ್ಟು, ಎರಡು ಪೆಟ್ಟು. ಮತ್ತೆ ಹೆಜ್ಜೆಯ ಸದ್ದು. ಪೆಟ್ಟಿನ ನಾದದಿಂದಲೇ ಬೆಣೆ ಬಿಗಿಯೋ ಸಡಿಲೋ ಎಂಬುದನ್ನು ಆತನು ಅರಿಯುತ್ತಿದ್ದನು. ಆತನ ಹೆಸರೇನೆಂದು ನಾವು ಯಾರೂ ಕೇಳಲಿಲ್ಲ.

ಹೆಸರು ಕೇಳದಿರುವುದು ನಮ್ಮೊಬ್ಬರ ತಪ್ಪಲ್ಲ. ಅದು ಲೋಕದ ರೂಢಿಯೇ ಆಗಿದೆ. ೧೮೬೯ರ ಮೇ ೧೦ರಂದು ಅಮೆರಿಕದ ಯೂಟಾ ಸೀಮೆಯ ಪ್ರಾಮಂಟರಿ ಎಂಬಲ್ಲಿ ಆ ಖಂಡದ ಪೂರ್ವ ಪಶ್ಚಿಮಗಳ ಕಂಬಿಗಳು ಕೂಡಿದಾಗ ಚಿನ್ನದ ಮೊಳೆಯೊಂದನ್ನು ಇಟ್ಟರು. ಮೆತ್ತನೆಯ ಚಿನ್ನವನ್ನು ಬಡಿಯಲಾದೀತೆ? ದಿಮ್ಮಿಯಲ್ಲಿ ಮೊದಲೇ ತೂತು ಕೊರೆದಿಟ್ಟಿದ್ದರು. ಸಮಾರಂಭ ಮುಗಿದೊಡನೆ ಅದನ್ನು ತೆಗೆದು, ಸಾಮಾನ್ಯ ದಿಮ್ಮಿಗೆ ಸಾಮಾನ್ಯ ಕಬ್ಬಿಣದ ಮೊಳೆಯನ್ನೇ ಹೊಡೆದರು. ಚಿನ್ನದ ಮೊಳೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವನ್ನು ಸೇರಿತು. ಅದಕ್ಕೆ ಹನ್ನೆರಡು ದಿನ ಮುಂಚೆ, ಏಪ್ರಿಲ್ ೨೮ರಂದು, ಒಂದೇ ದಿನದಲ್ಲಿ ಹತ್ತು ಮೈಲಿಗೂ ತುಸು ಹೆಚ್ಚು ಕಂಬಿಯನ್ನು ಹಾಸಿದರು. ಕಂಬಿಗಳನ್ನು ಎತ್ತಿಟ್ಟ ಎಂಟು ಮಂದಿ ಐರಿಷರ ಹೆಸರುಗಳು ಚರಿತ್ರೆಯಲ್ಲಿ ಉಳಿದಿವೆ. ಆ ದಿನ ಅವರೊಡನೆ ದುಡಿದ ಚೀನೀಯರ ಹೆಸರುಗಳನ್ನು ಹಾಗೆ ಯಾರೂ ಬರೆದಿಡಲಿಲ್ಲ. ನಮ್ಮ ಬೋರ್ ಘಾಟಿನಲ್ಲಿ ೧೮೬೧ರ ಆದಿಯಲ್ಲಿ ದುಡಿಯುತ್ತಿದ್ದವರ ಸಂಖ್ಯೆ ೪೨,೦೦೦ವನ್ನು ಮುಟ್ಟಿತ್ತೆಂದು ದಾಖಲೆಯಿದೆ. ಸಂಖ್ಯೆ ಇದೆ, ಹೆಸರುಗಳಿಲ್ಲ.

ಕೀಮ್ಯಾನಿನ ಸುತ್ತಿಗೆಗೆ ವಿರಾಮ ತಂದುದು ಉಕ್ಕಿನ ಒಂದು ಬಾಗು. ೧೯೫೦ರ ದಶಕದಲ್ಲಿ ನಾರ್ವೆಯ ಪಾಂಡೆ ರೋಲ್ಫ್‌ಸೆನ್ ಎಂಬ ಎಂಜಿನಿಯರು ದುಂಡನೆಯ ಉಕ್ಕಿನ ಸರಳನ್ನು ಬಾಗಿಸಿ ತಿರುಚಿ ಒಂದು ಕ್ಲಿಪ್ಪನ್ನು ಮಾಡಿದನು. ಅದಕ್ಕೆ ಬೋಲ್ಟಿಲ್ಲ, ಮರೆಯಿಲ್ಲ. ಕಂಬಿಗೆ ಸಮಾನಾಂತರವಾಗಿ ಒಮ್ಮೆ ಬಡಿದು ಕೂರಿಸಿದರೆ ಅದರ ಮೂತಿಯು ಕಂಬಿಯ ಪಾದವನ್ನು ಅದುಮಿ ಹಿಡಿಯುತ್ತದೆ. ಪಾಂಡ್ರಾಲ್ ಎಂದು ಪ್ರಸಿದ್ಧವಾದ ಈ ಹೆಸರು ಆತನ ಹೆಸರಿನಿಂದಲೇ ಬಂದುದು. ನಮ್ಮ ದೇಶದಲ್ಲಿ ಕಾಂಕ್ರೀಟಿನ ಸ್ಲೀಪರುಗಳ ಜೊತೆಗೆ ಇದು ವ್ಯಾಪಕವಾಗಿ ಹರಡಿತು. ಭಾರತೀಯ ರೈಲ್ವೆಯ ಮೂರನೆಯ ಮಾದರಿಯ ಕ್ಲಿಪ್ಪನ್ನು ಕೂರಿಸಿದಾಗ ಅದು ಸುಮಾರು ಹದಿಮೂರೂವರೆ ಮಿಲಿಮೀಟರು ಬಾಗಿ, ೮೫೦ರಿಂದ ೧,೧೦೦ ಕಿಲೋಗ್ರಾಮಿನ ಭಾರದಿಂದ ಕಂಬಿಯನ್ನು ಅದುಮುತ್ತದೆ. ಹಳೆಯ ಬೆಣೆಯು ಒಂದು ಮಿಲಿಮೀಟರು ಸಡಿಲಿದರೆ ಹಿಡಿತವೆಲ್ಲ ಹೋಯಿತು. ಈ ಕ್ಲಿಪ್ಪಿನ ಕೆಳಗೆ ಒಂದು ಮಿಲಿಮೀಟರು ಸವೆದರೂ ಹೋಗುವುದು ಹಿಡಿತದ ಹದಿಮೂರರಲ್ಲಿ ಒಂದು ಪಾಲು. ಉಳಿದುದು ಕಂಬಿಯನ್ನು ಹಿಂಬಾಲಿಸಿ ಹಿಡಿದೇ ಇರುತ್ತದೆ. ಕಂಬಿಯ ಅಡಿಯಲ್ಲಿ ರಬ್ಬರಿನ ಮೆತ್ತೆ, ಮೇಲೆ ಬಾಗಿದ ಉಕ್ಕು. ಕಲ್ಲಿನ ಅಚ್ಚಿನಿಂದ ಹೊರಟ ಯಾತ್ರೆ ಇಲ್ಲಿಗೆ ಬಂದು ಮುಟ್ಟಿತು: ಮಣಿಯಬಲ್ಲುದೇ ಹಿಡಿಯಬಲ್ಲುದು.

ಇದರಿಂದಲೇ ಕಂಬಿಗಳನ್ನು ಬೆಸೆದು ಕಿಲೋಮೀಟರುಗಟ್ಟಲೆ ಒಂದಾಗಿಸುವುದೂ ಸಾಧ್ಯವಾಯಿತು. ಟಕ ಟಕ ತಾಳ ಅಡಗಿತು. ಬೆಸೆದ ಕಂಬಿಯು ಬಿಸಿಲಿಗೆ ಬೆಳೆಯಬಯಸಿದರೂ ಬೆಳೆಯಗೊಡದೆ ತಡೆದಿರುವುದು ಈ ಕ್ಲಿಪ್ಪುಗಳ ಮತ್ತು ಜಲ್ಲಿಯ ಒಗ್ಗಟ್ಟು. ನಮ್ಮ ಮುಖ್ಯ ಮಾರ್ಗಗಳಲ್ಲಿ ಕಿಲೋಮೀಟರಿಗೆ ೧,೬೬೦ ಸ್ಲೀಪರುಗಳು, ಸ್ಲೀಪರಿಗೆ ನಾಲ್ಕು ಕ್ಲಿಪ್ಪುಗಳು. ಒಂದೇ ಕಿಲೋಮೀಟರಿಗೆ ೬,೬೪೦ ಕ್ಲಿಪ್ಪುಗಳಾದವು. ಸೊಲ್ಲಾಪುರದಿಂದ ಗುಂತಕಲ್ಲಿಗೆ ಹೋಗುವ ಪ್ರಯಾಣಿಕನನ್ನು ಎಷ್ಟು ಲಕ್ಷ ಕೈಗಳು ಹಿಡಿದು ದಾಟಿಸುತ್ತವೆಯೆಂಬುದನ್ನು ವಾಚಕರೇ ಲೆಕ್ಕ ಹಾಕಿಕೊಳ್ಳಬಹುದು.

ಆದರೆ ಯಾವ ಹಿಡಿತವೂ ತನ್ನಷ್ಟಕ್ಕೆ ತಾನು ಶಾಶ್ವತವಲ್ಲ. ೨೦೧೦ರ ಮೇ ೨೮ರ ರಾತ್ರಿ ಪಶ್ಚಿಮ ಬಂಗಾಳದ ಝಾರ್‌ಗ್ರಾಮದ ಬಳಿ ಜ್ಞಾನೇಶ್ವರಿ ಎಕ್ಸ್‌ಪ್ರೆಸ್ ಹಳಿ ತಪ್ಪಿ, ಎದುರಿನಿಂದ ಬಂದ ಸರಕಿನ ಬಂಡಿಗೆ ಸಿಕ್ಕಿ, ೧೪೦ಕ್ಕೂ ಹೆಚ್ಚು ಮಂದಿ ಮಡಿದರು. ಕಂಬಿಯ ಕ್ಲಿಪ್ಪುಗಳನ್ನು ದುಷ್ಟರು ಕಿತ್ತಿದ್ದರೆಂದು ತನಿಖೆಯವರು ಹೇಳಿದರು. ೨೦೧೩ರ ಜುಲೈ ೧೨ರಂದು ಫ್ರಾನ್ಸಿನ ಬ್ರೆಟಿನ್ಯಿ ನಿಲ್ದಾಣದಲ್ಲಿ ಬಂಡಿಯೊಂದು ಹಳಿ ತಪ್ಪಿ ಏಳು ಮಂದಿ ಸತ್ತರು. ಅಲ್ಲಿ ದುಷ್ಟರಾರೂ ಇರಲಿಲ್ಲ. ಕವಲುಕಂಬಿಯ ಒಂದು ಫಿಶ್‌ಪ್ಲೇಟಿನ ಬೋಲ್ಟುಗಳು ಕಳಚಿದ್ದವು, ಸಕಾಲದಲ್ಲಿ ನೋಡಿ ಬಿಗಿಯುವ ಕೆಲಸ ನಡೆದಿರಲಿಲ್ಲ. ದ್ವೇಷ ಮಾಡುವ ಕೇಡನ್ನೇ ಉಪೇಕ್ಷೆಯೂ ಮಾಡಬಲ್ಲುದು. ಅದಕ್ಕೆ ರಾತ್ರಿಯ ಮರೆಯೂ ಬೇಕಾಗಿಲ್ಲ.

ಆದುದರಿಂದಲೇ ಬೆಣೆ ಹೋದರೂ ಕೀಮ್ಯಾನು ಹೋಗಲಿಲ್ಲ. ಆತನು ಬಡಿಯುತ್ತಿದ್ದ ‘ಕೀ’ ಮುಖ್ಯ ಮಾರ್ಗಗಳಿಂದ ಮರೆಯಾಗಿದೆ. ಹುದ್ದೆಯ ಹೆಸರಿನಲ್ಲಿ ಮಾತ್ರ ಅದು ಉಳಿದಿದೆ. ಇಂದಿಗೂ ಮಂಜಿನಲ್ಲಿ, ಮಳೆಯಲ್ಲಿ, ಜೇಷ್ಠದ ಸುಡುಬಿಸಿಲಿನಲ್ಲಿ ಆತನು ನಡೆಯುತ್ತಾನೆ. ಹಿಂದಿನಿಂದ ಬಂದ ಬಂಡಿಯ ಸದ್ದು ಕೇಳದೆ ಕಂಬಿಯ ಮೇಲೆಯೇ ಪ್ರಾಣ ಬಿಟ್ಟವರೂ ಆತನ ಬಳಗದಲ್ಲಿ ಉಂಟು. ಯಂತ್ರಗಳು ಕಂಬಿಯೊಳಗಿನ ಬಿರುಕನ್ನು ಕಾಣಬಲ್ಲವು. ಆದರೆ ಪ್ರತಿದಿನವೂ ನಡೆದು ನೋಡುವ ಕಣ್ಣಿನ ಕೆಲಸವನ್ನು ಅವು ಪೂರ್ತಿಯಾಗಿ ತಮ್ಮದಾಗಿಸಿಕೊಂಡಿಲ್ಲ.

೧೯೫೬ರಲ್ಲಿ ರಾಜ್ಯಗಳ ಗೆರೆಗಳು ಹೊಸದಾಗಿ ಎಳೆಯಲ್ಪಟ್ಟುವು. ನಮ್ಮಲ್ಲಿ ಅನೇಕರು ಗೆರೆಯ ಆಚೆಗೆ ಉಳಿದೆವು. ಆ ಕಂಬಿ ಮಾತ್ರ ತುಂಡಾಗಲಿಲ್ಲ. ದೂರದ ಊರುಗಳು ಒಂದಕ್ಕೊಂದು ಅಂಟಿಕೊಂಡಿರುವುದು ಗೆರೆಗಳಿಂದಲ್ಲ, ದಿನವೂ ಯಾರೋ ಹೋಗಿ ಬಿಗಿಯುವ ಸಣ್ಣ ಸಣ್ಣ ಬಂಧಗಳಿಂದ ಎಂಬುದನ್ನು ಅದು ನಮಗೆ ತೋರಿಸಿಕೊಟ್ಟಿದೆ. ಮುಂದಿನ ಸಲ ರೈಲಿನ ಕಿಟಕಿಯಿಂದ ಹೊರಗೆ ನೋಡುವಾಗ, ಕಂಬಿಯ ಪಕ್ಕಕ್ಕೆ ಸರಿದು ನಿಂತು ಬಂಡಿಯನ್ನು ದಾಟಿಸುವ ಒಬ್ಬ ಮನುಷ್ಯನು ಕಂಡರೆ, ವಾಚಕರು ಒಂದು ಕ್ಷಣ ಆತನತ್ತ ಕಣ್ಣು ಹಾಯಿಸಲಿ. ನಾವು ಕೇಳದೆ ಬಿಟ್ಟ ಹೆಸರು ಆತನದು.